ಹಳೆಯ ಜೆರ್ಸಿ, ಹೊಸ ಬೆಲೆ



ಮೂಡಿಗೆರೆಯಲ್ಲಾಗಲಿ ಕಳಸದಲ್ಲಾಗಲಿ ವಾರದ ಸಂತೆಗೆ ಹೋದವರು ಒಂದು ದೃಶ್ಯವನ್ನು ನೋಡಿಯೇ ಇರುತ್ತೀರಿ. ತರಕಾರಿ, ಒಣಮೀನು, ಬಳೆ, ಪ್ಲಾಸ್ಟಿಕ್ ಕೊಡ ಇವೆಲ್ಲವನ್ನೂ ದಾಟಿ ಸಂತೆಯ ಅಂಚಿಗೆ ಬಂದರೆ, ನೆಲಕ್ಕೆ ಹಾಸಿದ ಟಾರ್ಪಾಲಿನ ಮೇಲೆ ಬಟ್ಟೆಯ ದೊಡ್ಡ ರಾಶಿ. ಸ್ವೆಟರು, ಜರ್ಕಿನ್, ಟ್ರ್ಯಾಕ್ ಪ್ಯಾಂಟು, ಟೀ ಶರ್ಟು. "ಯಾವುದಾದ್ರೂ ತಗೊಳ್ಳಿ, ಒಂದೇ ರೇಟು" ಎಂದು ಮಾರುವವನು ಕೂಗುತ್ತಿರುತ್ತಾನೆ. ತೋಟದ ಕೆಲಸಕ್ಕೆ ಹೋಗುವವರು ಬಗ್ಗಿ, ರಾಶಿಯನ್ನು ಕೆದಕಿ, ಮಳೆಗಾಲಕ್ಕೆಂದು ಒಂದು ದಪ್ಪ ಅಂಗಿಯನ್ನು ಆರಿಸಿಕೊಳ್ಳುತ್ತಾರೆ. ಈಚೆಗೆ ಅದೇ ರಾಶಿಯ ಮುಂದೆ ಇನ್ನೊಂದು ಬಗೆಯ ಗಿರಾಕಿ ಕಾಣಿಸಿಕೊಂಡಿದ್ದಾನೆ. ಅವನು ಕಾಲೇಜು ಹುಡುಗ. ಅಂಗಿ ತನ್ನ ಮೈಗೆ ಆಗುತ್ತದೆಯೋ ಇಲ್ಲವೋ ಎಂದು ನೋಡುವುದಿಲ್ಲ. ಕುತ್ತಿಗೆಪಟ್ಟಿಯನ್ನು ತಿರುವಿ ಒಳಗೆ ಹೊಲಿದಿರುವ ಚೀಟಿಯನ್ನು ಓದುತ್ತಾನೆ.

ಈ ಹುಡುಗ ಮಾಡುತ್ತಿರುವುದು ಹಳೆಯ ಬ್ರ್ಯಾಂಡೆಡ್ ಕ್ರೀಡಾ ಉಡುಪಿನ ಮರುಮಾರಾಟ. ನೂರೋ ನೂರೈವತ್ತೋ ಕೊಟ್ಟು ಕೊಂಡ ಅಂಗಿಯನ್ನು ಒಗೆದು, ಇಸ್ತ್ರಿ ಮಾಡಿ, ಫೋಟೋ ತೆಗೆದು, ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಇರುವ ಆಸಕ್ತರಿಗೆ ಮೊಬೈಲಿನ ಮೂಲಕವೇ ತೋರಿಸಿ ಸಾವಿರಕ್ಕೆ ಮಾರುವುದು. ನಾನು ವಾಣಿಜ್ಯಶಾಸ್ತ್ರದ ಮೇಷ್ಟ್ರು. ಕೆಲವು ವರ್ಷಗಳಿಂದ ನನ್ನ ತರಗತಿಯ ಹಿಂದಿನ ಬೆಂಚುಗಳಲ್ಲಿ ಈ ವ್ಯಾಪಾರದ ಮಾತು ಕೇಳುತ್ತಾ ಬಂದಿದ್ದೇನೆ. ಹುಡುಗರಿಗೆ ಇದು ಸುಲಭದ ದುಡ್ಡೆಂಬ ಭ್ರಮೆ. ಮನೆಯವರಿಗೆ ಇದು ಗುಜರಿ ಕೆಲಸವೆಂಬ ತಾತ್ಸಾರ. ಎರಡನ್ನೂ ನಾನು ಒಪ್ಪುವುದಿಲ್ಲ. ಇದು ತಿಳಿವಳಿಕೆಯ ವ್ಯಾಪಾರ. ತಿಳಿದವನು ತಿಳಿಯದವನ ಮುಂದೆ ಹೇಗೆ ನಡೆದುಕೊಳ್ಳಬೇಕು ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಇದೆ.

ಮೊದಲು ವಿಂಟೇಜ್ ಎಂಬ ಮಾತನ್ನು ನೋಡೋಣ. ಈ ವ್ಯಾಪಾರದವರ ರೂಢಿಯಲ್ಲಿ ಸುಮಾರು ಇಪ್ಪತ್ತು ವರ್ಷ ದಾಟಿದ ಉಡುಪು ವಿಂಟೇಜ್. ಆದರೆ ಹಳತಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಬಂದಿದ್ದರೆ ನಮ್ಮ ಅಟ್ಟದ ಮೇಲಿನ ಪ್ರತಿ ಹರಿದ ಬನಿಯನ್ನೂ ಬಂಗಾರವಾಗಬೇಕಿತ್ತು. ಆ ಉಡುಪು ಯಾರದೋ ನೆನಪಿಗೆ ಅಂಟಿಕೊಂಡಿರಬೇಕು, ಮತ್ತು ಈಗ ಸುಲಭವಾಗಿ ಸಿಗದಿರಬೇಕು.

ಕ್ರಿಕೆಟ್ಟನ್ನೇ ತೆಗೆದುಕೊಳ್ಳಿ. 1992ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಮೊದಲ ಬಾರಿಗೆ ತಂಡಗಳು ಬಣ್ಣದ ಉಡುಪು ತೊಟ್ಟವು. ಭಾರತದ್ದು ಕಡುನೀಲಿ ಅಂಗಿ, ಭುಜದ ಮೇಲೆ ಬಣ್ಣದ ಪಟ್ಟಿಗಳು. ಆಮೇಲೆ 1996ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ವಿರುದ್ಧ ಕ್ವಾರ್ಟರ್ ಫೈನಲ್. ಆಮಿರ್ ಸೊಹೈಲ್ ಬೌಂಡರಿ ಹೊಡೆದು ಬ್ಯಾಟು ತೋರಿಸಿದ್ದು, ಮುಂದಿನ ಎಸೆತದಲ್ಲೇ ನಮ್ಮ ವೆಂಕಟೇಶ ಪ್ರಸಾದ್ ಅವರು ಅವನ ಸ್ಟಂಪು ಹಾರಿಸಿದ್ದು. ಆ ದಿನ ಹತ್ತು ವರ್ಷದ ಹುಡುಗನಾಗಿದ್ದು ಟೀವಿಯ ಮುಂದೆ ಕುಳಿತಿದ್ದವನು ಈಗ ಕೈತುಂಬ ಸಂಬಳ ಪಡೆಯುವ ಗೃಹಸ್ಥ. ಅವನು ಆ ಕಾಲದ ಅಂಗಿಗೆ ಹಣ ಕೊಡುತ್ತಾನೆಂದರೆ ಬಟ್ಟೆಗೆ ಕೊಡುತ್ತಿಲ್ಲ, ಆ ಸಂಜೆಗೆ ಕೊಡುತ್ತಿದ್ದಾನೆ. ನಾಳೆ ನಮ್ಮ ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ ಅವರು ಲಾರ್ಡ್ಸ್‌ನಲ್ಲಿ ಆಡಿದ 2017ರ ವಿಶ್ವಕಪ್ ಫೈನಲ್ಲಿನ ಉಡುಪಿಗೂ ಇಂಥದೇ ಕಾಲ ಬರಬಹುದು.

ಇಲ್ಲೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. 1992ರಲ್ಲಿ ಅಂಥ ಜೆರ್ಸಿಗಳು ನಮ್ಮ ಊರಿನ ಅಂಗಡಿಗಳಲ್ಲಿ ತೂಗಾಡುತ್ತಿದ್ದುದನ್ನು ನಾನಂತೂ ಕಂಡವನಲ್ಲ. ಈಗ 'ಅಸಲಿ 1992' ಎಂದು ಮಾರಾಟಕ್ಕೆ ಬರುವವುಗಳಲ್ಲಿ ಬಹುಪಾಲು ಈಚೆಗೆ ಹೊಲಿದವು. ಹಾಗೆಂದು ಹೇಳಿ ಮಾರಿದರೆ ತಪ್ಪಿಲ್ಲ. ಹಳೆಯದೆಂದು ಹೇಳಿ ಮಾರಿದರೆ ಮೋಸ.

ಇನ್ನು ಇಂಥ ಬಟ್ಟೆ ಘಟ್ಟದ ಊರಿಗೆ ಬರುವುದು ಹೇಗೆ? ದಾರಿಗಳು ಹಲವು. ಬೆಂಗಳೂರಿನ ಮತ್ತು ತಿರುಪ್ಪೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ವಿದೇಶಕ್ಕೆಂದು ಹೊಲಿದು, ಸಣ್ಣ ದೋಷಕ್ಕೋ ಆರ್ಡರು ರದ್ದಾದುದಕ್ಕೋ ಉಳಿದುಹೋದ ಮಾಲು 'ಎಕ್ಸ್‌ಪೋರ್ಟ್ ಸರ್‌ಪ್ಲಸ್' ಎಂಬ ಹೆಸರಿನಲ್ಲಿ ಊರೂರು ಸುತ್ತುತ್ತದೆ. ಸ್ಟೀಲು ಪಾತ್ರೆ ಕೊಟ್ಟು ಹಳೆ ಬಟ್ಟೆ ಒಯ್ಯುವ ಹೆಂಗಸರನ್ನು ನಿಮ್ಮ ಅಜ್ಜಿಯಂದಿರು ಬಲ್ಲರು. ಆ ಬಟ್ಟೆ ತೇಪೆ ಹಾಕಿಸಿಕೊಂಡು ಮತ್ತೆ ಮಾರುಕಟ್ಟೆಗೆ ಬರುತ್ತದೆ. ವಿದೇಶದಲ್ಲಿ ತೊಟ್ಟು ಬಿಟ್ಟ ಬಟ್ಟೆಯ ಕತೆ ಬೇರೆ. ಅದನ್ನು ತರಿಸಿ ಇಲ್ಲಿ ನೇರವಾಗಿ ಮಾರಲು ಸರ್ಕಾರದ ಪರವಾನಗಿ ಬೇಕು. ತೊಡಲು ಬಾರದಂತೆ ಕತ್ತರಿಸಿದ ಚಿಂದಿಯಾದರೆ ಹರಿಯಾಣದ ಪಾಣಿಪತ್ತಿಗೆ ಹೋಗಿ, ನೂಲಾಗಿ, ಕಂಬಳಿಯಾಗುತ್ತದೆ. ಗುಜರಾತಿನ ಕಾಂಡ್ಲಾದಲ್ಲಿ 1965ರಲ್ಲಿ ಆರಂಭವಾದ ರಫ್ತು ವಲಯದಲ್ಲಿ ಮೂಟೆಮೂಟೆ ಹಳೆ ಬಟ್ಟೆಯನ್ನು ವಿಂಗಡಿಸಿ ಆಫ್ರಿಕದ ದೇಶಗಳಿಗೆ ಕಳುಹಿಸುವ ಘಟಕಗಳಿವೆ.

ನಮ್ಮ ಕಾಫಿ ಸೀಮೆಗೆ ಮಾತ್ರ ಇನ್ನೊಂದು ದಾರಿ ಇದೆ, ಅದನ್ನು ಪಟ್ಟಣದ ವ್ಯಾಪಾರಿಗಳು ಅರಿಯರು. ತೋಟದ ಮನೆಗಳ ಮಕ್ಕಳು ಹಿಂದಿನಿಂದಲೂ ಓದಲು, ಕೆಲಸಕ್ಕೆ ಹೊರದೇಶಗಳಿಗೆ ಹೋಗಿಬರುವವರು. ಅವರು ತಂದ ಜಾಕೆಟ್ಟು, ಶೂ, ಟ್ರ್ಯಾಕ್‌ಸೂಟು ಅವರಿಗೆ ಬೇಡವಾದಾಗ ರೈಟರಿಗೋ ಡ್ರೈವರಿಗೋ ಸಿಗುತ್ತದೆ, ಅಲ್ಲಿಂದ ಲೈನ್ ಮನೆಗೆ ಇಳಿಯುತ್ತದೆ. ಹೀಗಾಗಿ ಜರ್ಮನಿಯಲ್ಲಿ ಹೊಲಿದ ಅಂಗಿಯೊಂದು ಭದ್ರಾ ನದಿಯ ದಂಡೆಯ ಯಾವುದೋ ಲೈನ್ ಮನೆಯ ಹಗ್ಗದ ಮೇಲೆ ಒಣಗುತ್ತಿದ್ದರೆ ಆಶ್ಚರ್ಯಪಡಬೇಕಿಲ್ಲ.

ಈಗ ಆ ಹುಡುಗ ಓದುವ ಚೀಟಿಯ ವಿಷಯಕ್ಕೆ ಬರೋಣ. ನನಗೆ ಈ ವ್ಯಾಪಾರದಲ್ಲಿ ಅತ್ಯಂತ ಇಷ್ಟವಾದ ಭಾಗ ಇದೇ, ಏಕೆಂದರೆ ಇಲ್ಲಿ ಚರಿತ್ರೆಯ ಪಾಠ ಹಣವಾಗುತ್ತದೆ. ಚೀಟಿಯಲ್ಲಿ 'ಮೇಡ್ ಇನ್ ವೆಸ್ಟ್ ಜರ್ಮನಿ' ಎಂದಿದೆ ಎನ್ನಿ. ಎರಡು ಜರ್ಮನಿಗಳು ಒಂದಾದದ್ದು 1990ರ ಅಕ್ಟೋಬರ್ 3ರಂದು. ಅಂದಮೇಲೆ ಅಂಗಿ ಅದಕ್ಕಿಂತ ಹಳೆಯದು. 'ಚೆಕೊಸ್ಲೊವಾಕಿಯಾ' ಎಂದಿದ್ದರೆ ಆ ದೇಶ 1993ರ ಮೊದಲ ದಿನವೇ ಎರಡಾಯಿತು. ಇನ್ನೊಂದು ಕಡೆ, ಚೀಟಿಯಲ್ಲಿ ಕಂಪನಿಯ ಅಂತರ್ಜಾಲ ವಿಳಾಸ ಇದ್ದರೆ ಅದನ್ನು ಎಂಬತ್ತರ ದಶಕದ ಅಂಗಿ ಎಂದು ಯಾರಾದರೂ ಹೇಳಿದರೆ ನಕ್ಕುಬಿಡಿ.

ಗುರುತುಗಳೂ ಮಾತಾಡುತ್ತವೆ. ಜರ್ಮನಿಯ ಹೆರ್ಟ್ಸೊಗೆನೌರಾಖ್ ಎಂಬ ಸಣ್ಣ ಊರಿನ ಇಬ್ಬರು ಅಣ್ಣತಮ್ಮಂದಿರು, ರುಡಾಲ್ಫ್ ಮತ್ತು ಅಡಾಲ್ಫ್ ಡಾಸ್ಲರ್, ಜಗಳವಾಡಿ ಬೇರೆಯಾದದ್ದರಿಂದ 1948ರಲ್ಲಿ ಪ್ಯೂಮಾ, 1949ರಲ್ಲಿ ಅಡಿಡಾಸ್ ಹುಟ್ಟಿದವು. ಪಾಲಾದ ಮನೆಗಳ ಕತೆ ನಮ್ಮ ಮಲೆನಾಡಿಗೆ ಹೊಸದೇನಲ್ಲ! ಅಡಿಡಾಸಿನ ಮೂರೆಸಳಿನ ಗುರುತು 1972ರ ಮ್ಯೂನಿಕ್ ಒಲಿಂಪಿಕ್ಸಿನ ಸುಮಾರಿಗೆ ಬಂದದ್ದು. ಓರೆಯಾಗಿ ಏರುವ ಮೂರು ಪಟ್ಟಿಗಳ ಗುರುತು ತೊಂಬತ್ತರ ದಶಕದ್ದು. ನೈಕಿಯ ಬಾಗಿದ ಗೆರೆಯನ್ನು 1971ರಲ್ಲಿ ಬರೆದುಕೊಟ್ಟವಳು ಕ್ಯಾರೊಲಿನ್ ಡೇವಿಡ್ಸನ್ ಎಂಬ ವಿದ್ಯಾರ್ಥಿನಿ. ಪಡೆದ ಸಂಭಾವನೆ 35 ಡಾಲರ್. ಆದರೆ ಗುರುತೊಂದನ್ನೇ ನಂಬಿ ಮೋಸ ಹೋಗಬೇಡಿ. ಮೂರೆಸಳಿನ ಗುರುತನ್ನು ಅಡಿಡಾಸ್ ಈಗಲೂ ಕೆಲವು ಉಡುಪುಗಳ ಮೇಲೆ ಹಾಕುತ್ತದೆ, ಹಳೆಯ ಮಾದರಿಗಳನ್ನು ಕಂಪನಿಗಳೇ ಮತ್ತೆ ಮತ್ತೆ ಹೊಲಿಸುತ್ತವೆ. ಅಮೆರಿಕದಲ್ಲಿ ಮಾರಿದ ಉಡುಪಿನ ಚೀಟಿಯಲ್ಲಿ 'ಆರ್‌ಎನ್' ಎಂಬ ಅಕ್ಷರಗಳ ಮುಂದೆ ಒಂದು ಸಂಖ್ಯೆ ಇರುತ್ತದೆ. ಅದು ಕಂಪನಿಯ ನೋಂದಣಿ ಸಂಖ್ಯೆ. ಅದನ್ನು ಇಸವಿಯೆಂದು ತಿಳಿದು ಬೆಲೆ ಕಟ್ಟಿ ಕೈ ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ.

ನಮ್ಮ ದೇಶಕ್ಕೆ ಅಡಿಡಾಸ್ 1989ರಲ್ಲಿ ಬಾಟಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಬಂತು. ನೈಕಿ, ರೀಬಾಕ್‌ಗಳು ಬಂದದ್ದು 1995ರ ಆಸುಪಾಸಿನಲ್ಲಿ. ಆದ್ದರಿಂದ 1980ರಲ್ಲಿ ಚಿಕ್ಕಮಗಳೂರಿನ ಅಂಗಡಿಯಲ್ಲೇ ಕೊಂಡ ನೈಕಿ ಎಂದು ಯಾರಾದರೂ ಹೇಳಿದರೆ ಎರಡು ಸಲ ಕೇಳಿ.

ಈ ಚೀಟಿ ಓದುವ ಕೆಲಸ ನನಗೆ ಕಾಫಿ ಕ್ಯೂರಿಂಗ್ ವರ್ಕ್ಸನ್ನು ನೆನಪಿಗೆ ತರುತ್ತದೆ. ತೋಟದಿಂದ ಬಂದ ಪಾರ್ಚ್‌ಮೆಂಟ್ ಮೂಟೆಯಲ್ಲಿ ಎಲ್ಲವೂ ಒಟ್ಟಿಗೇ ಇರುತ್ತದೆ. ಸಿಪ್ಪೆ ಬಿಡಿಸಿ, ಜರಡಿ ಹಿಡಿದು, ಗಾತ್ರದ ಮೇಲೆ ಪ್ಲಾಂಟೇಷನ್ ಎ, ಬಿ, ಸಿ ಎಂದು ಬೇರ್ಪಡಿಸುತ್ತಾರೆ. ಹಣ್ಣಿನೊಳಗೆ ಜೋಡಿಯಿಲ್ಲದೆ ಒಂಟಿಯಾಗಿ ಬೆಳೆದ ದುಂಡುಬೀಜ ಪೀಬೆರಿ, ಅದಕ್ಕೆ ಬೇರೆ ಚೀಲ. ಕಪ್ಪಾದದ್ದು ಬ್ಲ್ಯಾಕ್ಸ್, ಒಡೆದದ್ದು ಬಿಟ್ಸ್. ಸಾಲಾಗಿ ಕುಳಿತ ಹೆಂಗಸರ ಬೆರಳು ಈ ಕೆಲಸವನ್ನು ತಲೆಮಾರುಗಳಿಂದ ಮಾಡಿದೆ. ಈಗ ಬಣ್ಣ ಗುರುತಿಸುವ ಯಂತ್ರಗಳು ಬಂದಿವೆ. ಮೂಟೆಯೊಳಗಿನ ಒಂದು ಬೀಜವೂ ಬದಲಾಗಲಿಲ್ಲ. ಬೇರ್ಪಡಿಸಿದ್ದಕ್ಕೇ ಅದರ ಬೆಲೆ ಏರಿತು. ಸಂತೆಯ ಬಟ್ಟೆ ರಾಶಿಯೂ ಹಾಗೆಯೇ. ರಾಶಿಯವನು ಒಂದೇ ರೇಟಿಗೆ ಮಾರುತ್ತಾನೆ, ಏಕೆಂದರೆ ವಿಂಗಡಿಸುತ್ತ ಕೂರಲು ಅವನಿಗೆ ಪುರುಸೊತ್ತಿಲ್ಲ. ಆ ಕೆಲಸವನ್ನು ಮಾಡಿದವನಿಗೆ ಸಿಗುವ ಲಾಭವನ್ನು ಕೂಲಿಯೆಂದೇ ಕರೆಯಬಹುದು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಕೂಲಿ ಎಷ್ಟು ಗಿಟ್ಟುತ್ತದೆ ಎಂಬುದನ್ನು ಒಂದು ಊಹೆಯ ಲೆಕ್ಕದಿಂದ ನೋಡೋಣ, ಪೆನ್ನು ಹಿಡಿಯಿರಿ. ಹತ್ತು ಅಂಗಿ, ತಲಾ 150 ರೂಪಾಯಿಯಂತೆ 1500. ಬಸ್ಸು, ಕಾಫಿ ತಿಂಡಿ 400. ಸಾಬೂನು, ಗುಂಡಿ, ಹೊಲಿಗೆಗೆ 300. ತಿಂಗಳಲ್ಲಿ ನಾಲ್ಕು ಅಂಗಿ ತಲಾ 900ಕ್ಕೆ ಹೋದವು ಎನ್ನೋಣ, 3600 ಬಂತು. ಕೊರಿಯರಿಗೆ ತಲಾ ನೂರರಂತೆ 400. ಒಬ್ಬ ಗಿರಾಕಿ 'ಕಲೆ ಇದೆ' ಎಂದು ಹಿಂದಿರುಗಿಸಿದ. ಅವನ 900 ವಾಪಸು, ವಾಪಸು ತರಿಸಲು ಇನ್ನು ನೂರು. ಈಗ ಕೂಡಿ. ಕೈಯಲ್ಲಿ ಉಳಿದ ಮಾರಾಟದ ಹಣ 2700, ಖರ್ಚು 2700. ನಾಲ್ಕು ಭಾನುವಾರದ ದುಡಿಮೆಗೆ ಸಿಕ್ಕಿದ್ದು ಸೊನ್ನೆ. ಲಾಭ ಇರುವುದು ಮಾರದೆ ಟ್ರಂಕಿನಲ್ಲಿ ಉಳಿದ ಏಳು ಅಂಗಿಗಳಲ್ಲಿ. ಅವು ಎಂದು ಮಾರುತ್ತವೋ, ಮಾರುತ್ತವೆಯೋ ಇಲ್ಲವೋ. 'ನೂರಕ್ಕೆ ತಂದು ಸಾವಿರಕ್ಕೆ ಮಾರಿದೆ' ಎಂದು ಜಂಭ ಕೊಚ್ಚುವ ಗೆಳೆಯನನ್ನು ಟ್ರಂಕಿನ ಲೆಕ್ಕ ಕೇಳಿ ನೋಡಿ.

ಆ ಟ್ರಂಕಿಗೆ ನಮ್ಮ ಸೀಮೆಯಲ್ಲಿ ಇನ್ನೊಂದು ಶತ್ರು ಇದೆ, ಮಳೆ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮೂಡಿಗೆರೆ ಕಡೆ ಜೂನಿನಿಂದ ಸೆಪ್ಟೆಂಬರಿನ ತನಕ ಹತ್ತಿಬಟ್ಟೆಗೆ ಬೂಸ್ಟು ಹಿಡಿಯದಂತೆ ಕಾಯುವುದೇ ಒಂದು ತಪಸ್ಸು. ಹಿಂದಿನವರು ಒಲೆಯ ಮೇಲಿನ ಅಟ್ಟದ ಬಿಸುಪಿನಲ್ಲಿ ಸಾಮಾನು ಕಾಪಾಡುತ್ತಿದ್ದರು, ಆದರೆ ಹೊಗೆವಾಸನೆಯ ಜೆರ್ಸಿಯನ್ನು ಯಾರೂ ಕೊಳ್ಳುವುದಿಲ್ಲ. ನುಸಿಗುಳಿಗೆಯ ವಾಸನೆಗೂ ಗಿರಾಕಿ ಮೂಗು ಮುರಿಯುತ್ತಾನೆ. ಶೂಗಳದ್ದಂತೂ ಹೇಳತೀರದು. ಅನೇಕ ಹಳೆಯ ಕ್ರೀಡಾ ಶೂಗಳ ಅಟ್ಟೆಯ ನಡುಪದರ ಪಾಲಿಯುರೆಥೇನ್ ಎಂಬ ವಸ್ತುವಿನದು. ಗಾಳಿಯ ತೇವ ಅದರ ಅಣುಬಂಧಗಳನ್ನು ನಿಧಾನವಾಗಿ ಕಡಿಯುತ್ತದೆ. ರಸಾಯನಶಾಸ್ತ್ರದಲ್ಲಿ ನೀವು ಓದುವ ಜಲವಿಚ್ಛೇದನೆ ಇದೇ. ಒಮ್ಮೆಯೂ ತೊಡದೆ ಡಬ್ಬಿಯಲ್ಲಿಟ್ಟ ಶೂ ಹದಿನೈದು ವರ್ಷದ ನಂತರ ಕಾಲಿಗೆ ಹಾಕಿದರೆ ರೊಟ್ಟಿಯಂತೆ ಮುರಿದು ಉದುರುತ್ತದೆ. ಆದ್ದರಿಂದ ಮಲೆನಾಡಿನಲ್ಲಿ ಶೂ ಕೂಡಿಡುವ ಸಾಹಸ ಬೇಡ ಎನ್ನುವುದು ನನ್ನ ಸಲಹೆ. ಪಾಲಿಯೆಸ್ಟರ್ ಜೆರ್ಸಿ ತಡೆಯುತ್ತದೆ.

ಕಾನೂನಿನ ನಾಲ್ಕು ಮಾತು. ಅಸಲಿ ಬ್ರ್ಯಾಂಡಿನ ವಸ್ತುವನ್ನು ನ್ಯಾಯವಾಗಿ ಕೊಂಡವನು ಅದನ್ನು ಮತ್ತೆ ಮಾರಿದರೆ ತಪ್ಪಿಲ್ಲ. ನಕಲಿಯನ್ನು ಮಾರಿದರೆ 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯಂತೆ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಸರಕು ಮಾರುವ ಸಣ್ಣ ವ್ಯಾಪಾರಿಗೆ ರಾಜ್ಯದೊಳಗೆ ವರ್ಷಕ್ಕೆ 40 ಲಕ್ಷ ರೂಪಾಯಿಯ ತನಕ ಜಿಎಸ್‌ಟಿ ನೋಂದಣಿ ಬೇಡ. ರಾಜ್ಯದ ಗಡಿ ದಾಟಿಸಿ ಮಾರಿದರೆ ಮೊತ್ತ ಎಷ್ಟೇ ಇರಲಿ, ಬೇಕು. ಹದಿನೆಂಟು ತುಂಬದವರಿಗೆ ಕರಾರು ಮಾಡಿಕೊಳ್ಳುವ ಅರ್ಹತೆಯೇ ಇಲ್ಲ, ಆದ್ದರಿಂದ ಶಾಲೆಯ ಮಕ್ಕಳು ಮನೆಯವರನ್ನು ಮುಂದಿಟ್ಟುಕೊಂಡೇ ಹೆಜ್ಜೆ ಇಡಿ.

ಈಗ ನಾನು ಮೊದಲು ಹೇಳಿದ ಪ್ರಶ್ನೆಗೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕಳಸದ ಕಡೆಯ ಒಬ್ಬ ಹುಡುಗನಿದ್ದ. ಚೀಟಿ ಓದುವುದರಲ್ಲಿ ಗಟ್ಟಿಗ. ಅವರೂರಿನಲ್ಲಿ ತೋಟವೊಂದರ ರೈಟರಾಗಿದ್ದು ನಿವೃತ್ತರಾದ ಒಬ್ಬ ಅಜ್ಜ. ಅವರ ಜಗಲಿಯ ಗೂಟಕ್ಕೆ ನೇತುಹಾಕಿದ್ದ ನೀಲಿ ಟ್ರ್ಯಾಕ್‌ಸೂಟಿನ ಮೇಲಂಗಿ ಇವನ ಕಣ್ಣಿಗೆ ಬಿತ್ತು. ಮೂರು ಪಟ್ಟಿ, ಮೂರೆಸಳು, ಒಳಗೆ ವೆಸ್ಟ್ ಜರ್ಮನಿ. ತೋಟದ ಸಾಹುಕಾರರ ಮಗ ಎಂದೋ ಕೊಟ್ಟದ್ದಂತೆ. ಇವನು ಇನ್ನೂರು ರೂಪಾಯಿ ಕೊಡುತ್ತೇನೆಂದ, ಅಜ್ಜ ಸಂತೋಷದಿಂದಲೇ ಕೊಟ್ಟರು. ಹದಿನೈದು ದಿನದಲ್ಲಿ ಅದು ಬೆಂಗಳೂರಿನ ಒಬ್ಬರಿಗೆ ಐದು ಸಾವಿರಕ್ಕೆ ಹೋಯಿತು. ಸುದ್ದಿ ಅಜ್ಜನ ಮೊಮ್ಮಗನ ಕಿವಿಗೆ ಬಿತ್ತು. ಅವನೂ ಅದೇ ತರಗತಿಯವನು. ಇಬ್ಬರಿಗೂ ಮಾತು ನಿಂತಿತು.

ಹುಡುಗ ನನ್ನ ಬಳಿ ಬಂದು, "ಸರ್, ನಾನು ಮಾಡಿದ್ದು ತಪ್ಪಾ?" ಎಂದು ಕೇಳಿದ. ಕಾನೂನನ್ನು ಕೇಳುತ್ತಿದ್ದಾನೆಂದು ತಿಳಿದು ನಾನು 1872ರ ಕರಾರು ಕಾಯಿದೆಯ 17ನೆಯ ಪ್ರಕರಣವನ್ನು ತೆಗೆದೆ. ಸುಮ್ಮನಿದ್ದ ಮಾತ್ರಕ್ಕೆ, ಹೇಳಲೇಬೇಕಾದ ಹೊಣೆ ಇಲ್ಲದಿದ್ದರೆ, ಅದು ವಂಚನೆಯಲ್ಲ. ಅದಕ್ಕೆ ಕಾಯಿದೆಯೇ ಕೊಡುವ ಉದಾಹರಣೆ: ಇಬ್ಬರು ವರ್ತಕರಲ್ಲಿ ಒಬ್ಬನಿಗೆ ಬೆಲೆ ಬದಲಾದ ಗುಟ್ಟು ಗೊತ್ತಿದೆ, ಇನ್ನೊಬ್ಬನಿಗೆ ಹೇಳಬೇಕಾದ ಕಟ್ಟುಪಾಡು ಅವನಿಗಿಲ್ಲ. ಹುಡುಗ ಕೇಳಿಸಿಕೊಂಡು, "ಅಜ್ಜ ವರ್ತಕರಲ್ಲ ಸರ್" ಎಂದ. ನಾನು ಪುಸ್ತಕ ಮುಚ್ಚಿದೆ.

ಆಗ ನನಗೆ ಕಾಫಿಯದೇ ಇನ್ನೊಂದು ಕಾಲ ನೆನಪಾಯಿತು. ದಶಕಗಳ ಕಾಲ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಕೊಡುತ್ತಿದ್ದ, ಮಂಡಳಿ ಮಾರಿ ಹಣ ಹಂಚುತ್ತಿತ್ತು. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಗಿಡಗಳು ಸುಟ್ಟಾಗ ಜಗತ್ತಿನಲ್ಲಿ ಕಾಫಿಯ ಬೆಲೆ ಗಗನಕ್ಕೇರಿತು. 1996ರಲ್ಲಿ ಪೂಲಿನ ವ್ಯವಸ್ಥೆ ಪೂರ್ತಿ ಮುಗಿದು, ಬೆಳೆಗಾರ ತನ್ನ ಮಾಲನ್ನು ತಾನೇ ಮಾರತೊಡಗಿದ. ಲಂಡನ್, ನ್ಯೂಯಾರ್ಕಿನ ಬೆಲೆ ತಿಳಿದವರು ಗೆದ್ದರು. ಮನೆಯಲ್ಲಿ ಫೋನಿಲ್ಲದ ಎರಡೆಕರೆಯ ಸಣ್ಣ ಬೆಳೆಗಾರ ಗೇಟಿಗೆ ಬಂದ ವ್ಯಾಪಾರಿ ಹೇಳಿದ್ದೇ ಬೆಲೆ ಎಂದು ನಂಬಿದ. ಆ ವ್ಯಾಪಾರಿಯನ್ನು ನಮ್ಮ ಹಿರಿಯರು ಇಂದಿಗೂ ಒಳ್ಳೆಯ ಮಾತಿನಿಂದ ನೆನೆಯುವುದಿಲ್ಲ. ಹುಡುಗನಿಗೆ ಇಷ್ಟನ್ನು ಹೇಳಿ, ತೀರ್ಮಾನ ನಿನ್ನದು ಎಂದೆ.

ಅವನು ಎರಡು ಸಾವಿರ ಹಿಡಿದುಕೊಂಡು ಅಜ್ಜನ ಮನೆಗೆ ಹೋದ. ಅಜ್ಜ ಮೊದಲು ನಕ್ಕರಂತೆ. "ಇನ್ನೂರಕ್ಕೆ ಕೊಟ್ಟದ್ದು ನಾನೇ ಅಲ್ವ ಮಾರಾಯ, ನೀನೇನು ಕದ್ದುಕೊಂಡು ಹೋದದ್ದಾ?" ಸ್ವಲ್ಪ ಹೊತ್ತು ಬಿಟ್ಟು, "ಅಷ್ಟು ಬರ್ತದೆ ಅಂತ ನಿಂಗೆ ಮೊದಲೇ ಗೊತ್ತಿತ್ತಾ?" "ಗೊತ್ತಿತ್ತು ಅಜ್ಜ." "ಹಂಗಾದ್ರೆ ಹೇಳ್ಬಹುದಿತ್ತು." ಹಣವನ್ನು ಎಣಿಸಿ ಒಳಗಿಟ್ಟರು. ಕಾಫಿ ಕೊಟ್ಟು ಕಳಿಸಿದರು.

ಹುಡುಗ ಆಮೇಲೆ ತನ್ನ ಕ್ರಮ ಬದಲಿಸಿದ. ಸಂತೆಯ ರಾಶಿಯಿಂದ ಈಗಲೂ ಒಂದೇ ರೇಟಿಗೆ ಕೊಳ್ಳುತ್ತಾನೆ. ರಾಶಿಯವನು ವ್ಯಾಪಾರಿ, ವಿಂಗಡಿಸುವುದಿಲ್ಲವೆಂದು ತೀರ್ಮಾನಿಸಿದವನು ಅವನೇ. ಮನೆಗಳಿಂದ ಮಾತ್ರ ಕೊಳ್ಳುವುದಿಲ್ಲ. ವಸ್ತುವನ್ನು ಪಡೆದು, ಚೀಟಿ ಬರೆದುಕೊಟ್ಟು, ಮಾರಿದ ಮೇಲೆ ಖರ್ಚು ಕಳೆದು ಅರ್ಧಕ್ಕರ್ಧ. ಮಾರದಿದ್ದರೆ ವಾಪಸು. ಜೊತೆಯವರು ಪೆದ್ದನೆಂದು ಆಡಿಕೊಂಡರು. ಅಂಗಿಯೊಂದಕ್ಕೆ ಸಿಗುವ ಲಾಭ ಕಡಿಮೆಯಾದದ್ದು ನಿಜ. ಆದರೆ ಟ್ರಂಕಿನಲ್ಲಿ ಹಣ ಕೊಳೆಯುವುದು ನಿಂತಿತು, ಊರಿನ ಪೆಟ್ಟಿಗೆಗಳು ಮೊದಲು ಅವನ ಮುಂದೆ ತೆರೆದುಕೊಳ್ಳತೊಡಗಿದವು.

ಮೊದಲು ಬಂದದ್ದು ಆ ಅಜ್ಜನದೇ ಚೀಲ. ಮೊಮ್ಮಗನೇ ಹೊತ್ತು ತಂದಿದ್ದ. ಹುಡುಗ ಅದನ್ನು ನನ್ನ ಮುಂದೆಯೇ ಬಿಚ್ಚಿದ. ನುಸಿ ತಿಂದ ಒಂದು ಉಣ್ಣೆಯ ಸ್ವೆಟರು, ಹೆಸರಿನ ಅಕ್ಷರವೇ ತಪ್ಪಾಗಿದ್ದ ಒಂದು ನಕಲಿ ಟೀ ಶರ್ಟು, ಒಂದಿಷ್ಟು ಬೆಲೆ ಬಾಳಬಹುದಾದ ತೊಂಬತ್ತರ ದಶಕದ ಒಂದು ವಿಂಡ್‌ಚೀಟರ್. ಅಡಿಯಲ್ಲಿ ಮಾಸಿದ ಹಳದಿ ಬನಿಯನ್ನೊಂದು. ಎದೆಯ ಮೇಲೆ ತೋಟದ ಹೆಸರು, ಬೆನ್ನ ಮೇಲೆ ಕೈಯಿಂದ ಬರೆದ 7. ಯಾವುದೋ ವಾಲಿಬಾಲ್ ಪಂದ್ಯದ್ದು. ಇದಕ್ಕೆ ಮಾರುಕಟ್ಟೆಯೇ ಇಲ್ಲ ಎಂದು ಹುಡುಗ ಬದಿಗಿಟ್ಟ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದ ಮೊಮ್ಮಗ ಕಾಲೇಜಿನ ಬಾಗಿಲಲ್ಲೇ ಕಾಯುತ್ತಿದ್ದ. ಹಳದಿಯದು ತಪ್ಪಿ ಬಂದದ್ದಂತೆ, ಅಜ್ಜ ರಾತ್ರಿಯೆಲ್ಲ ಹುಡುಕಿದರಂತೆ, ಅದೊಂದನ್ನು ಕೊಟ್ಟುಬಿಡಬೇಕಂತೆ.